ಫಕೀರವ್ವನ ಹಸಿಮಾತು

ಯಾರು ಏನೆಂದು ಕರೆದರೂ ನಮಗೆ ಬೇಕಾದಂತೆಯೇ ಕೇಳಿಸಿದರೆ ಹೇಗಿರುತ್ತದೆ? ಇಪ್ಪತ್ತೆರಡು ವರ್ಷಗಳ ಹಿಂದೆ ನೀಲವ್ವ ಎಂಬ ಎಂಜಿನಿಯರ್ ತಮ್ಮನ್ನು ತಾವೇ ಕೇಳಿಕೊಂಡ ಪ್ರಶ್ನೆ ಇಷ್ಟೇ. ಅದಕ್ಕೆ ಅವರು ಕಂಡುಕೊಂಡ ಉತ್ತರ ಕಡಲೆಕಾಳಿನ ಗಾತ್ರದ್ದು, ಕಿವಿಯೊಳಗೆ ಸದ್ದಿಲ್ಲದೆ ಕೂರುವಂಥದ್ದು. ಜನ ಅದನ್ನು ಕಿವಿಮಣಿ ಎಂದರು.

ಅದು ಜಗಳದ ಕಾಲವಾಗಿತ್ತು. ಯಾರನ್ನು ಅವನು ಎನ್ನಬೇಕು, ಯಾರನ್ನು ಅವಳು ಎನ್ನಬೇಕು ಎಂದು ಕಚೇರಿಗಳಲ್ಲಿ, ಬಸ್ಸುಗಳಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಕೂಡ ಮಾತಿಗೆ ಮಾತು ಬೆಳೆಯುತ್ತಿತ್ತು. ಹುಟ್ಟಿದ ದಿನ ಸೂಲಗಿತ್ತಿ ಹೇಳಿದ್ದೇ ಕಡೆಯ ಮಾತು ಎನ್ನುವವರಿದ್ದರು. ಮನುಷ್ಯ ತನ್ನ ಬಗ್ಗೆ ತಾನು ಹೇಳಿಕೊಂಡದ್ದೇ ಕಡೆಯ ಮಾತು ಎನ್ನುವವರೂ ಇದ್ದರು. ಎಲ್ಲರಿಗೂ 'ರೀ' ಹಚ್ಚಿ ಅವರು ಅಂದುಬಿಡಿ, ತಂಟೆಯೇ ಇಲ್ಲ ಎಂದು ಕೆಲವರು ಹೇಳಿದರೆ, ಹಾಗಾದರೆ ಸಲಿಗೆಯಿಂದ ಬಾರೋ, ಬಾರೇ ಅನ್ನುವುದು ಯಾರಿಗೆ, ಗೋಡೆಗಾ ಎಂದು ಉಳಿದವರು ಕೇಳುತ್ತಿದ್ದರು. ಮಣಿ ಬಂದದ್ದೇ ತಡ, ಎಲ್ಲ ತಣ್ಣಗಾಯಿತು.

ಮಣಿಯ ಕೆಲಸ ಸರಳ. ಹೊರಗಿನ ಮಾತು ಕಿವಿಗೆ ಮುಟ್ಟುವ ಮೊದಲು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು ಅದನ್ನು ತಡೆದು ಹಿಡಿಯುತ್ತದೆ. ಅದರಲ್ಲಿ ನಿಮ್ಮನ್ನು ಕರೆಯುವ ಪದ ಯಾವುದೆಂದು ಹುಡುಕುತ್ತದೆ. ಆ ಪದ ನೀವು ಬರೆಸಿದ ಪಟ್ಟಿಯಲ್ಲಿ ಇಲ್ಲದಿದ್ದರೆ ತೆಗೆದುಹಾಕಿ, ನೀವು ಬರೆಸಿದ್ದನ್ನು ಮಾತಾಡಿದವರದೇ ದನಿಯಲ್ಲಿ ಕೂರಿಸಿ ಕಿವಿಗೆ ಬಿಡುತ್ತದೆ. ಹೇಳುವವರು ನಾಲಿಗೆ ತಿದ್ದಿಕೊಳ್ಳಬೇಕಿಲ್ಲ, ಕೇಳುವವರು ನೋಯಬೇಕಿಲ್ಲ.

ನಕಲು ಮಾಡಲು ಅಸಲು ಬೇಕಲ್ಲ. ಆದ್ದರಿಂದ ಪ್ರತಿ ಮಣಿಯೂ ಕರೆದ ಪದವನ್ನೂ ಅದರ ಹಿಂದೆ ಮುಂದಿನ ಹತ್ತು ಸೆಕೆಂಡುಗಳನ್ನೂ ಇದ್ದದ್ದು ಇದ್ದ ಹಾಗೆ ನೀಲವ್ವನವರು ಗದುಗಿನಲ್ಲಿ ನಡೆಸುವ ಕೇಂದ್ರಕ್ಕೆ ಕಳಿಸುತ್ತಿತ್ತು. ಮಣಿ ಹಾಕಿಕೊಂಡವರ ಸ್ವಂತ ಮಾತನ್ನು ಮಾತ್ರ ಅದು ಇಟ್ಟುಕೊಳ್ಳುತ್ತಿರಲಿಲ್ಲ. ಆ ಜಾಗ ಖಾಲಿ ಬಿಡುತ್ತಿತ್ತು. ಹೀಗೆ ಕೂಡಿಬಿದ್ದ ಅಸಲು ದನಿಗೆ ಕಾಗದಪತ್ರಗಳಲ್ಲಿ ಏನೋ ಉದ್ದನೆಯ ಹೆಸರಿತ್ತು. ಕೇಂದ್ರದವರ ಬಾಯಲ್ಲಿ ಅದು ಹಸಿಮಾತು.

ಕಸ್ತೂರಿ ಕೆಲಸ ಮಾಡುತ್ತಿದ್ದದ್ದು ಹಸಿಮಾತಿನ ಕೋಣೆಯಲ್ಲಿ. ಬೆಟಗೇರಿಯ ನೇಕಾರರ ಓಣಿಯವಳು, ಇಪ್ಪತ್ತಮೂರರ ಹುಡುಗಿ. ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವುದು ಅವಳಿಂದ ಆಗುತ್ತಿರಲಿಲ್ಲ. ಎಂಟನೆಯ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟಿದ್ದಳು. ಕೇಂದ್ರದ ಪರೀಕ್ಷೆಯಲ್ಲಿ ಬಾಯಿಗೆ ಕೆಲಸವಿರಲಿಲ್ಲ. ನಲವತ್ತು ದನಿ ಕೇಳಿಸಿ, ಯಾವೆರಡು ಒಬ್ಬರವೇ ಎಂದು ಬೆರಳಲ್ಲಿ ತೋರಿಸಿ ಎಂದರು. ಅವಳು ಒಂದನ್ನೂ ತಪ್ಪಲಿಲ್ಲ. ಸಾಲು ಮಗ್ಗಗಳ ಸದ್ದಿನೊಳಗೆ ಯಾವ ಲಾಳಿ ಸಡಿಲವಾಗಿದೆ ಎಂದು ಕೇಳಿ ಬೆಳೆದ ಕಿವಿ ಅದು.

ಆ ಕೋಣೆಗೆ ಮಣಿ ತೆಗೆದಿಟ್ಟು ಹೋಗಬೇಕಿತ್ತು. ಅದೇ ಅವಳಿಗೆ ಇಷ್ಟ. ಅಲ್ಲಿ ಕುಳಿತರೆ ಅವಳ ಹುಡುಗತನದ ಓಣಿಯೇ ಎದ್ದು ಬರುತ್ತಿತ್ತು. ಓಣಿಗೆ ಮಣಿ ಬಂದದ್ದು ಅವಳಿಗೆ ಒಂಬತ್ತು ತುಂಬಿದಾಗ. ಅದಕ್ಕೆ ಮೊದಲು ದೊಡ್ಡವ್ವ ಶಿವಗಂಗವ್ವನಿಗೆ ಅವಳ ಮೇಲೆ ಅಕ್ಕರೆ ಉಕ್ಕಿದಾಗ "ಏ ತಮ್ಮಾ, ಬಾರೋ ಇಲ್ಲಿ, ಬೆಲ್ಲ ತಿನ್ನು" ಎನ್ನುತ್ತಿದ್ದಳು. ಸಿಟ್ಟು ಬಂದಾಗ "ಏನ್ರೀ ಕಸ್ತೂರಬಾಯಾರ, ಎಲ್ಲಿ ಹೊಂಟ್ರಿ ಸವಾರಿ?" ಎನ್ನುತ್ತಿದ್ದಳು. ಮಣಿ ಕಿವಿಗೆ ಬಿದ್ದ ದಿನದಿಂದ ಎರಡೂ ಹೊತ್ತಿನಲ್ಲಿ ಬರಿಯ "ಕಸ್ತೂರಿ". ಪಟ್ಟಿಯಲ್ಲಿ ಶಾಲೆಯ ಮಾಸ್ತರರು ಬರೆಸಿದ್ದು ಅಷ್ಟೇ. ಬೆಲ್ಲ ಕೊಡಲು ಕರೆಯುತ್ತಿದ್ದಾಳೋ ಬೆನ್ನಿಗೆ ಕೊಡಲೋ ತಿಳಿಯದೆ ಹುಡುಗಿ ಬಾಗಿಲಲ್ಲೇ ನಿಂತುಬಿಡುತ್ತಿದ್ದಳು.

ಹಾಗೆಂದು ಹಸಿಮಾತಿನಲ್ಲಿ ಬೆಲ್ಲ ಮಾತ್ರ ಇರಲಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ ಗಂಡಸರು ನೀಲವ್ವನವರ ಬೆನ್ನಿಗೆ ಎಸೆದ ಮಾತುಗಳನ್ನೂ ಕಸ್ತೂರಿ ಕೇಳಿದ್ದಳು. ಅಂಥ ದಿನ ಮನೆಗೆ ಹೋದವಳೇ ಕಿವಿ ತೊಳೆದುಕೊಳ್ಳುತ್ತಿದ್ದಳು, ಅದರಿಂದ ಏನೂ ಆಗದೆಂದು ಗೊತ್ತಿದ್ದೂ.

ನೀಲವ್ವನವರ ತಾಯಿ ಫಕೀರವ್ವ ತೀರಿಕೊಂಡು ಮೂರು ವಾರವಾಗಿತ್ತು. ತೀರಿಕೊಂಡವರ ಹಸಿಮಾತನ್ನು ಮನೆಯವರು ಒಂದು ತಿಂಗಳೊಳಗೆ ಕೇಳಬಹುದು, ಬೇಡವೆಂದರೆ ಅಳಿಸಲಾಗುತ್ತದೆ ಎಂಬುದು ನಿಯಮ. ನೀಲವ್ವ 'ಅಳಿಸಿ' ಎಂಬ ಕಡೆ ಸಹಿ ಮಾಡಿ ಕಾಗದ ತಂದರು. ಅಳಿಸುವ ಮೊದಲು ಬೇರೆಯವರ ದನಿ ಬೆರೆತಿಲ್ಲವೆಂದು ಒಬ್ಬರು ಕೇಳಿ ನೋಡಬೇಕು, ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ.

"ನೀನ ಕೇಳು ಕಸ್ತೂರಿ," ಎಂದರು. "ರೂಲ್ ಮಾಡಿದಾಕಿ ನಾನ, ಮುರಿಯಾಕ ಬರಂಗಿಲ್ಲ. ಏನು ಕೇಳಿದಿ ಅಂತ ನನಗ ಹೇಳಬ್ಯಾಡ."

"ಇಲ್ರಿ ಅಕ್ಕಾರ."

"ಮಾರಿ ಮ್ಯಾಲೂ ತೋರಸಬ್ಯಾಡ. ಶನಿವಾರ ಮಧ್ಯಾಹ್ನ ಅಳಿಸಿಬಿಡೂಣು."

ಅಂದು ಬುಧವಾರ. ಚಹಾದ ಹೊತ್ತಿಗೆ ಯಂತ್ರಗಳ ಕೋಣೆಯಲ್ಲಿ ಮೈಲಾರಿ ಇದೇ ಮಾತು ತೆಗೆದ. ಮಣಿಗಳ ರಿಪೇರಿ ನೋಡಿಕೊಳ್ಳುವವನು, ನೀಲವ್ವನಿಗೆ ಎದುರು ಮಾತಾಡುವ ಧೈರ್ಯವಿದ್ದದ್ದು ಅವನೊಬ್ಬನಿಗೆ.

"ಮುಂಜಾನೆ ಕೌಂಟರಿಗೆ ಕಾಲೇಜ್ ಓದೂರೊಬ್ಬರು ಬಂದಿದ್ರು ಅಕ್ಕಾರ. ಹುಡುಗ ಅನ್ರಿ, ಹುಡುಗಿ ಅನ್ರಿ, ಅದನ್ನ ನನ್ನ ಕೇಳಬ್ಯಾಡ್ರಿ. ನನ್ನ ಪಟ್ಟಿ ಖಾಲಿ ಬಿಡ್ರಿ, ಯಾರು ಏನು ಅಂತಾರೋ ಅದು ನನಗ ಹಂಗ ಕೇಳಿಸ್ಲಿ ಅಂದ್ರು. ಅದಕ್ಕ ಮಣಿ ಯಾಕ, ತಗದು ಒಗೀರಿ ಅಂದೆ. ಆ ಧೈರ್ಯ ಇಲ್ಲರಿ ಅಂತ ನಕ್ಕರು."

"ಸಣ್ಣವರು. ಇನ್ನೂ ಪೆಟ್ಟು ತಿಂದಿಲ್ಲ," ಎಂದರು ನೀಲವ್ವ.

"ತಿಂದ್ರ ತಿನ್ಲಿ ಬಿಡ್ರಿ. ಮಣಿ ಇರದಿದ್ರ ಊರು ಕಲೀತಿತ್ತು. ತಡಾ ಆಗ್ತಿತ್ತು, ಜಗಳ ಆಗ್ತಿದ್ವು, ಖರೆ. ಆದರ ಕಲೀತಿತ್ತು. ಈಗ ಯಾರ ಬಗ್ಗೆ ಯಾರಿಗೂ ಏನೂ ಕಲಿಯೂ ಗರಜಿಲ್ಲ."

"ಊರು ಕಲಿಯೂತನಾ ನಾ ಉಪವಾಸ ಇರಬೇಕಿತ್ತೇನ ಮೈಲಾರಿ?" ನೀಲವ್ವ ಕಪ್ಪು ಕೆಳಗಿಟ್ಟರು. "ಹೆಸರು ಬದಲಿಸಿಗೊಂಡು ಮನಿಗೆ ಬಂದ ದಿನ, ಅವ್ವಾ, ಇನ್ನ ಮ್ಯಾಲೆ ನಾ ನಿನ್ನ ಮಗ ಅಲ್ಲ, ಮಗಳು, ನೀಲವ್ವ ಅಂದೆ. ಸೆರಗು ಬಾಯಿಗೆ ಒತ್ತಿಗೊಂಡು ಎದ್ದುಹೋಗಿ ಒಲಿ ಮುಂದ ಕುಂತ್ಲು. ಎರಡು ವರ್ಷ ದಾರಿ ನೋಡಿದೆ. ಮಂದಿ ಮುಂದಾಗ್ಲಿ, ಮನಿಯಾಗಾಗ್ಲಿ, ಏ, ಇಲ್ಲಿ ನೋಡು, ಅಷ್ಟ. ಹೆಸರು ಒಂದು ಸಲಾನೂ ಇಲ್ಲ. ದಿನಾ ಎರಡು ಹೊತ್ತು ಆಕಿ ಕೈಯಾಗ ಉಣ್ಣೂದಿತ್ತು ನನಗ. ತುತ್ತಿಗೊಂದು ಮುಳ್ಳು ಆರಿಸಿ ಇಡಾಕ ಆಗಲಿಲ್ಲ. ಮಣಿ ಮಾಡಿದೆ. ಇಪ್ಪತ್ತೆರಡು ವರ್ಷ ಆಕಿ ದನಿಯಾಗ ನೀಲವ್ವಾ ಅಂತ ಕೇಳಿಸಿಗೊಂಡೀನಿ. ಸುಳ್ಳು ಅಂತ ಗೊತ್ತಿದ್ದ ಕೇಳಿಸಿಗೊಂಡೀನಿ. ಅದನ್ನ ಈಗ ಕೆಡಿಸಬ್ಯಾಡ್ರಿ."

ಮೈಲಾರಿ ರಿಪೇರಿಗೆ ಬಂದ ಮಣಿಯೊಂದನ್ನು ಕೈಗೆತ್ತಿಕೊಂಡ. ಕಸ್ತೂರಿ ಎಲ್ಲರ ಕಪ್ಪುಗಳನ್ನು ಎತ್ತಿಕೊಂಡು ಹೋದಳು.

ಆ ಮಧ್ಯಾಹ್ನ ಅವಳು ಫಕೀರವ್ವನ ಹಸಿಮಾತನ್ನು ಮೊದಲಿನಿಂದ ಹಚ್ಚಿದಳು. ತುಸು ಒಡಕು ದನಿ, ಹಿಂದೆ ರೊಟ್ಟಿ ಬಡಿಯುವ ಸದ್ದು.

"ಅತ್ತಿಯಾರ, ರೊಟ್ಟಿ ಆಗ್ಯಾವು. ಬರ್ರಿ."

ಕಸ್ತೂರಿ ನಿಲ್ಲಿಸಿದಳು. ಅತ್ತೆಯನ್ನು ಕರೆಯುತ್ತಿದ್ದಾಳಲ್ಲ! ಬೇರೆ ಯಾರದೋ ಕಡತ ಸೇರಿದೆಯೇ ಎಂದು ದನಿ ಹೋಲಿಸಿ ನೋಡಿದಳು. ಫಕೀರವ್ವನದೇ. ಮಣಿ ಇದ್ದದ್ದು ನೀಲವ್ವನ ಕಿವಿಯಲ್ಲಿ, ಅಂದರೆ ಕರೆದದ್ದು ಅವರನ್ನೇ. ಫಕೀರವ್ವನ ಅತ್ತೆ ಆಗಲೇ ತೀರಿಕೊಂಡು ವರ್ಷಗಳಾಗಿದ್ದವು. ಮುಂದಿನದು: "ಅತ್ತಿಯಾರ, ನೀರು ಕಾದಾವು." ಅದರ ಮುಂದಿನದು: "ಅತ್ತಿಯಾರ, ಛತ್ರಿ ಮರತ್ರಿ." ಮೊದಲ ವರ್ಷದಲ್ಲಿ ನಾಲ್ಕೈದು ಕಡೆ ಹಳೆಯ ಹೆಸರಿನ ಮೊದಲ ಅಕ್ಷರ ಬಂದು, ಅಲ್ಲೇ ನಿಂತು, ನಾಲಿಗೆ ಕಚ್ಚಿಕೊಂಡ ಸದ್ದಿತ್ತು. ಆಮೇಲೆ ಅದೂ ಇಲ್ಲ. ಸಾವಿರಾರು ತುಣುಕುಗಳಲ್ಲಿ ಒಂದೇ ಪದ. ಆ ಪದ ಪಟ್ಟಿಯಲ್ಲಿ ಇರಲಿಲ್ಲವಾಗಿ ಮಣಿ ಪ್ರತಿ ಸಲವೂ ಅದನ್ನು 'ನೀಲವ್ವಾ' ಎಂದು ತಿದ್ದಿತ್ತು. ತಾಯಿ ಮಗಳಿಗೆ ರೀ ಅನ್ನುವುದಿಲ್ಲವೆಂದು ಬರ್ರಿ ಎಂಬುದನ್ನು ಬಾ ಮಾಡಿತ್ತು.

ಇನ್ನೊಂದು ಸಂಗತಿ ಅವಳ ಕಿವಿಗೆ ಮಾತ್ರ ಸಿಕ್ಕುವಂಥದ್ದು. ಕರೆದಾದ ಮೇಲೆ ಫಕೀರವ್ವ ಕಾಯುತ್ತಿದ್ದಳು. ಬರಿಯ ಹ್ಞೂ ಎಂಬ ಉತ್ತರಕ್ಕೆ ಅಷ್ಟು ಹೊತ್ತು ಬೇಡ. ನಗು ತಡೆದುಕೊಂಡವರು ಉಸಿರು ಹಿಡಿದಿರುತ್ತಾರಲ್ಲ, ಅಂಥ ಕಾಯುವಿಕೆ. ಆಮೇಲೆ ಉಸಿರು ಬಿಟ್ಟು ಮುಂದಿನ ಮಾತು. ವರ್ಷ ಕಳೆದಂತೆ ತಡೆದ ನಗು ಸಣ್ಣದಾಗಿ, ಒಂದು ದಿನ ಇಲ್ಲವೇ ಆಯಿತು. ಕಾಯುವುದು ಮಾತ್ರ ಉಳಿಯಿತು.

ಇದು ಕುಚೋದ್ಯವೇ? ಮನೆಯಲ್ಲಿ ದರ್ಬಾರು ಮಾಡುವ ಮಗಳನ್ನು ತಾಯಿ ಅತ್ತೆ ಎಂದು ಹಂಗಿಸುತ್ತಿದ್ದಳೇ? ಹಾಗಿದ್ದರೆ ಅಳಿಸುವುದೇ ಒಳ್ಳೆಯದು.

ಶುಕ್ರವಾರ ಸಂಜೆ ಮನೆಯಲ್ಲಿ ದೊಡ್ಡವ್ವ ಹಳೆಯ ಕೈಮಗ್ಗದ ಮುಂದೆ ಕುಳಿತು ನೂಲಿನ ಸಿಕ್ಕು ಬಿಡಿಸುತ್ತಿದ್ದಳು. ನೇಯ್ಗೆ ನಿಂತು ವರ್ಷಗಳಾಗಿದ್ದರೂ ಕೈಗೆ ಆ ಕೆಲಸ ಬೇಕು. ಕಸ್ತೂರಿ ಪಕ್ಕದಲ್ಲಿ ಕುಳಿತು ಇನ್ನೊಂದು ತುದಿ ಹಿಡಿದುಕೊಂಡಳು.

"ದೊಡ್ಡವ್ವಾ, ಯಾವಾಕಿಯರ ತನ್ನ ಮಗಳಿಗೆ ಅತ್ತಿ ಅಂತಾಳೇನ?"

"ಯಾಕ ಅನ್ನಂಗಿಲ್ಲ? ನಾ ಅಂತಿದ್ದೆ."

"ಯಾರಿಗೆ?"

"ನಮ್ಮ ನಾಗೂಗ. ಆಕಿಗೆ ನಮ್ಮತ್ತಿ ಹೆಸರಿಟ್ಟಿದ್ವಿ ನೋಡು. ಅತ್ತಿ ಹೆಸರು ಸೊಸಿ ಹಿಡೀತಾಳೇನ? ನಾಲಿಗಿ ಸುಟ್ಟುಹೋಗತೈತಿ ಅಂತಿದ್ರು. ನಾಗವ್ವ ಅನ್ನಾಕ ಬರಂಗಿಲ್ಲ, ಏನಂತ ಕರೀಲಿ? ಅತ್ತಿಯಾರ ಅಂತಿದ್ದೆ. ಮೂರು ವರ್ಷದ್ದಿತ್ತು ಕೂಸು, ಅತ್ತಿಯಾರ ಹಾಲು ಕುಡೀರಿ ಅಂದ್ರ, ತಾ ಇಲ್ಲಿ ಸೊಸಿ ಅಂತಿತ್ತು ಸೊಂಟದ ಮ್ಯಾಲೆ ಕೈ ಇಟಗೊಂಡು!" ದೊಡ್ಡವ್ವ ನಗುತ್ತಾ ಕಣ್ಣೊರೆಸಿಕೊಂಡಳು. "ಓಣಿ ತುಂಬ ಹಂಗ ಇತ್ತು. ಆ ಮನಿಯಾಗ ಅತ್ತಿಯಾರ, ಈ ಮನಿಯಾಗ ಮಾವಾರ. ತೊಟ್ಟಿಲದಾಗಿನ ಕೂಸಿಗೆ ಮಾವಾರ ಅಂತ ಸೆರಗು ಹೊತಗೊಳ್ಳೂರು ಬ್ಯಾರೆ! ನಿಮ್ಮ ಮಣಿ ಬಂದು ಎಲ್ಲಾನೂ ಬರೇ ಹೆಸರು ಮಾಡಿ ಹಾಕ್ತು."

"ಗಂಡಹುಡುಗಗ ಅತ್ತಿಯಾರ ಅಂತಿದ್ರೇನ?"

"ಹುಚ್ಚಿ! ಗಂಡಹುಡುಗಗ ಯಾಕ ಅತ್ತಿ ಅಂತಾರ? ಹೆಣಮಗಳು ಅಂತ ಖಾತ್ರಿ ಇದ್ರ ಅತ್ತಿ."

ಕಸ್ತೂರಿಯ ಕೈಯಲ್ಲಿದ್ದ ನೂಲಿನ ತುದಿ ಜಾರಿತು. "ಕರದಾಗ ಆ ಹುಡುಗಿ ಸೊಸಿ ಅಂತ ಉತ್ರ ಕೊಡದಿದ್ರ?"

"ಹಂಗ್ಯಾಕ ಮಾಡ್ತಾಳ? ಆಡೂ ಆಟ ಇಬ್ಬರದಲ್ಲೇನ? ಉತ್ರ ಬರದಿದ್ರ..." ದೊಡ್ಡವ್ವ ಜಾರಿದ ತುದಿಯನ್ನು ಎತ್ತಿ ಅವಳ ಕೈಗೆ ಕೊಟ್ಟಳು. "ನಾನಾದ್ರ ಇಂದಿಲ್ಲ ನಾಳಿ ಕೊಡ್ತಾಳ ಅಂತ ಕರಕೋತನ ಇರತಿದ್ದೆ."

ಶನಿವಾರ ಬೆಳಿಗ್ಗೆ ಕಸ್ತೂರಿ ನೀಲವ್ವನವರ ಬಾಗಿಲ ಮುಂದೆ ಮೂರು ಸಲ ಹೋಗಿ ಮೂರು ಸಲ ತಿರುಗಿ ಬಂದಳು. ಕೇಳಿದ್ದನ್ನು ಹೇಳುವಂತಿಲ್ಲ. ಹೇಳಿದರೂ ಅದು ಮತ್ತೊಬ್ಬರ ಬಾಯಿಯ ಮಾತು; ಆ ತಾಯಿ ಮಗಳ ನಡುವೆ ಈಗಾಗಲೇ ಒಂದು ಮಣಿ ಕುಳಿತು ಕೆಡಿಸಿದ್ದು ಸಾಲದೇ? ನಾಲ್ಕನೆಯ ಸಲ ಗಂಟೆ ಹನ್ನೊಂದೂವರೆ. ಒಳಗೆ ಹೋದಳು.

"ಅಕ್ಕಾರ, ನಿಮ್ಮ ಹೆಸರು ಯಾರ ಹೆಸರ್ರಿ?"

ನೀಲವ್ವ ಕನ್ನಡಕದ ಮೇಲಿಂದ ನೋಡಿದರು. ಈ ಹುಡುಗಿ ತಾನಾಗಿ ಒಂದು ಪ್ರಶ್ನೆ ಕೇಳಿದ್ದು ನಾಲ್ಕು ವರ್ಷದಲ್ಲಿ ಇದೇ ಮೊದಲು. "ನಮ್ಮಜ್ಜಿದು. ಅಪ್ಪನ ಅವ್ವ. ಸಣ್ಣಂದಿರತ ನಾ ಆಕಿ ಇಳಕಲ್ ಸೀರಿ ಸುತಗೊಂಡು ಕುಣದ್ರ ಮನಿಮಂದಿ ಎಲ್ಲಾ ಬಡೀತಿದ್ರು. ಆಕಿ ಒಬ್ಬಾಕಿ ನಿರಗಿ ಸರಿ ಮಾಡಿ ಕೊಡ್ತಿದ್ಲು. ಯಾಕ?"

"ನಿಮ್ಮ ಅವ್ವಾರು ಆ ಅಜ್ಜಿ ಹೆಸರು ಹಿಡದು ಮಾತಾಡಿದ್ದು ಯಾವಾಗರ ಕೇಳೀರೇನ್ರಿ?"

"ಅತ್ತಿ ಹೆಸರು ಯಾರು ಹಿಡೀತಾರ ಮಾರಾಯ್ತಿ. ನಮ್ಮವ್ವಂತೂ..."

ನೀಲವ್ವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಸ್ತೂರಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಕಿಟಕಿಯಾಚೆ ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು.

"ನಮ್ಮ ಮನಿ ನೂಲಿಗೆ ಬಣ್ಣ ಅದ್ದೂ ಕೋಣಿಯಾಗ," ಎಂದರು ನೀಲವ್ವ, ಯಾರಿಗೋ ಹೇಳುವಂತೆ, "ಎಲ್ಲಾರೂ ನೀಲಿ ನೂಲು ಅಂದ್ರ ಅವ್ವ ಮುಗಿಲಬಣ್ಣದ್ದು ಅಂತಿದ್ಲು. ನೀಲಿ ಅನ್ನಾಕೂ ಆಕಿಗೆ ಅಂಜಿಕಿ. ಒಮ್ಮೆ ಮುಗಿಲಬಣ್ಣ ಅಂದ್ರ ಯಾವ್ದು ಅಂತ ತಿಳೀದ ಹೊಸಾ ಆಳು ಬೂದಿ ಬಣ್ಣ ಅದ್ದಿಬಿಟ್ಟ. ಅಪ್ಪ ಹೊಟ್ಟಿ ಹುಣ್ಣಾಗೂ ಹಂಗ ನಕ್ಕಿದ್ದ."

ಅವರ ಮುಖದಲ್ಲಿದ್ದ ನಗು ಅಲ್ಲೇ ಮಾಸಿತು. ಪದಗಳ ಪಟ್ಟಿ ಮಾಡುವುದರಲ್ಲೇ ಬದುಕು ಸವೆಸಿದವರು. ದೇಶದ ಎಂಟು ಭಾಷೆಗಳ ಕರೆಯುವ ಮಾತುಗಳನ್ನೆಲ್ಲ ಮಣಿಗೆ ತುಂಬಿದವರು. ಹೆಸರು ಆರಿಸಿಕೊಳ್ಳುವಾಗ ಅಜ್ಜಿಯ ಕೈ ನೆನಪಿತ್ತು, ಸೀರೆಯ ನಿರಿಗೆ ನೆನಪಿತ್ತು. ಆ ಹೆಸರನ್ನು ತನ್ನ ತಾಯಿ ಬಾಯಿಬಿಟ್ಟು ಹೇಳಲಾರಳು ಎಂಬುದು ನೆನಪಾಗಿರಲಿಲ್ಲ.

"ಹಂಗಾರ ಆಕಿ ನನಗ ಏನಂತ ಕರೀತಿದ್ಲು?"

ಕಸ್ತೂರಿ ಬಾಯಿ ತೆರೆಯಲಿಲ್ಲ. ಕೈ ಮಾತ್ರ ಹಸಿಮಾತಿನ ಕೋಣೆಯ ಕಡೆ ತೋರಿಸಿತು.

ಬಾಗಿಲಲ್ಲಿ ಮಣಿ ತೆಗೆಯಲು ನೀಲವ್ವನಿಗೆ ಬಹಳ ಹೊತ್ತು ಹಿಡಿಯಿತು. ಮೈಲಾರಿ ಅಳಿಸುವ ಯಂತ್ರದ ಬಳಿ ಕಾಯುತ್ತಿದ್ದವನು ಗಡಿಯಾರ ನೋಡಿದ, ಇವರನ್ನು ನೋಡಿದ, ಗುಂಡಿಯ ಮೇಲಿಂದ ಕೈ ತೆಗೆದು ಹೊರಗೆ ಹೋದ.

ಕಸ್ತೂರಿ ಮೊದಲ ತುಣುಕು ಹಚ್ಚಿದಳು.

"ಅತ್ತಿಯಾರ, ರೊಟ್ಟಿ ಆಗ್ಯಾವು. ಬರ್ರಿ."

ನೀಲವ್ವ ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡರು. ದನಿಪೆಟ್ಟಿಗೆಯಲ್ಲಿ ತಡೆದ ನಗು, ಉಸಿರು, ಖಾಲಿ. ಆಮೇಲೆ: "ಆರತಾವ ಮತ್ತ."

"ಇನ್ನೊಮ್ಮೆ ಹಚ್ಚು."

ಮತ್ತೆ ಹಚ್ಚಿದಳು. ಮತ್ತೆ. ಮುಂದಿನದು, ಅದರ ಮುಂದಿನದು. ನೀರು ಕಾದಾವು. ಛತ್ರಿ ಮರತ್ರಿ. ಪಂಚಮಿಗೆ ಉಂಡಿ ಮಾಡೀನಿ, ರುಚಿ ನೋಡ್ರಿ ಅತ್ತಿಯಾರ, ಆಮ್ಯಾಲೆ ಇಕಿಗೆ ಅಡಗಿ ಬರಂಗಿಲ್ಲ ಅನಬ್ಯಾಡ್ರಿ. ಅದನ್ನು ಕೇಳಿ ನೀಲವ್ವ ಗಟ್ಟಿಯಾಗಿ ನಕ್ಕರು, ನಗುವಿನ ನಡುವೆಯೇ ಅಳು ಬಂತು. ಆ ದಿನ ತಾವು ಏನು ಉತ್ತರ ಕೊಟ್ಟಿದ್ದರೋ, ಚೆನ್ನಾಗಿದೆ ಅಂದಿದ್ದರೋ, ಪುಸ್ತಕದಿಂದ ತಲೆ ಎತ್ತಿರಲಿಲ್ಲವೋ. ಮಣಿ ಅದನ್ನು ಇಟ್ಟುಕೊಂಡಿರಲಿಲ್ಲ.

"ಕಾಯತಿದ್ಲಲ್ಲ ಕಸ್ತೂರಿ," ಎಂದರು. "ಪ್ರತಿ ಸಲಾನೂ ಕಾಯತಿದ್ಲಲ್ಲ. ಆಕಿಗೆ ನನ್ನ ಕರಿಯೂ ಮಾತು ಸಿಗೂದರಾಗ ನಾ ಮಣಿ ಹಾಕ್ಕೊಂಡಿದ್ದೆ. ನಾ ಹ್ಞೂ ಅಂತಿದ್ದೆ."

ಕಸ್ತೂರಿ ಮುಂದಿನದು ಹಚ್ಚಿದಳು. ಖಾಲಿ ಜಾಗ ಬಂದಾಗ ನೀಲವ್ವನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಅದರ ಮುಂದಿನದರಲ್ಲಿ ದನಿ ಹೊರಟಿತು, ಅಷ್ಟರಲ್ಲಿ ಫಕೀರವ್ವ ಮುಂದಿನ ಮಾತಿಗೆ ಹೋಗಿಯಾಗಿತ್ತು. ನೀಲವ್ವ ತಪ್ಪು ಮಾಡಿದ ಶಾಲೆಯ ಹುಡುಗಿಯಂತೆ ತಲೆ ಅಲ್ಲಾಡಿಸಿದರು.

ಕಡೆಯ ತುಣುಕು ನಾಲ್ಕು ವಾರದ ಹಿಂದಿನದು. ಫಕೀರವ್ವನ ದನಿ ಹಳೆಯ ಸೀರೆಯ ಅಂಚಿನಂತೆ ಸವೆದಿತ್ತು. ಹಿಂದೆ ರೊಟ್ಟಿಯ ಸದ್ದಿಲ್ಲ, ಹಾಸಿಗೆಯ ಸರಬರ ಮಾತ್ರ.

"ಅತ್ತಿಯಾರ... ಉಂಡ್ರೇನು?"

ಖಾಲಿ.

ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಟಲು ಸರಿಮಾಡಿಕೊಂಡು, ಎಂದೋ ಕೇಳಿದ್ದ ಮುದುಕಿಯ ಗತ್ತನ್ನು ದನಿಗೆ ತಂದುಕೊಂಡರು.

"ಉಂಡೆನವಾ ಸೊಸಿ. ನಿನ್ನದಾತೇನು?"

"ಈಗ ಉಣ್ಣತೀನ್ರಿ," ಎಂದಳು ಫಕೀರವ್ವ. "ನಿಮ್ಮದಾಗ್ಲಿ ಅಂತ ಕುಂತಿದ್ದೆ."